ಗ್ರಾನೈಟೋ, ಗ್ರಾನೈಟ್‌ನಂಥ ಟೈಲ್ಸೋ? ಮೊದಲು ನೆಲದ ಅಡಿ ನೋಡಿ

ಕಾರವಾರದಲ್ಲಿ ಅಕ್ಕನ ಮನೆಯ ಜಗುಲಿಯಿಂದ ಒಂದು ಕಲ್ಲು ಎಬ್ಬಿಸಬೇಕಾಯಿತು. ಬಿಳಿ ಮೈ, ಅಲ್ಲಲ್ಲಿ ಬೂದು ಚುಕ್ಕೆ ಇದ್ದ ಗ್ರಾನೈಟ್. ಹಾಕಿ ಎರಡು ಮಳೆಗಾಲ ಕಳೆದಿತ್ತು. ಮೊದಲ ವರ್ಷ ಕಲ್ಲಿನ ಅಂಚುಗಳು ಕಪ್ಪಾದವು. ಎರಡನೇ ವರ್ಷ ನಡುವೆ ಹಳದಿ ಕಲೆ ಎದ್ದಿತು. ಅಕ್ಕ ಒರೆಸಿದಳು, ಸೋಪು ಹಾಕಿ ಉಜ್ಜಿದಳು, ಯಾರೋ ಹೇಳಿದರೆಂದು ಬಾತ್‌ರೂಮಿನ ಆ್ಯಸಿಡ್ ಕೂಡ ಹಾಕಿದಳು. ಹಳದಿ ಇನ್ನೂ ಜಾಸ್ತಿ ಆಯಿತು. ಮೇಸ್ತ್ರಿ ಉಳಿ ಕೊಟ್ಟು ಕಲ್ಲನ್ನು ಎತ್ತಿ ಮಗುಚಿದಾಗ ಅದರ ಬೆನ್ನು ಪೂರ್ತಿ ಒದ್ದೆ. ಕೆಳಗಿನ ಗಾರೆ ಕೈಗೆ ತಣ್ಣಗೆ ತಾಗುತ್ತಿತ್ತು. ಅದು ಮಾರ್ಚ್ ತಿಂಗಳು. ಮಳೆ ನಿಂತು ಎಷ್ಟೋ ದಿನಗಳಾಗಿದ್ದವು.

"ಇದು ಮೇಲಿಂದ ಬಿದ್ದ ಕಲೆ ಅಲ್ಲ ತಮ್ಮಾ, ಕೆಳಗಿಂದ ಬಂದದ್ದು" ಅಂದರು ಮೇಸ್ತ್ರಿ.

ಅದೇ ವರ್ಷ ಶಿರಸಿ ಹತ್ತಿರದ ನಮ್ಮ ಊರಮನೆಗೂ ಹೊಸ ನೆಲ ಹಾಕಿಸುವುದಿತ್ತು. ಹಳೆಯ ಕೆಂಪು ಗಾರೆ ನೆಲ ಬಿರುಕು ಬಿಟ್ಟಿತ್ತು. ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, "ಗ್ರಾನೈಟ್ ಹಾಕಿಸ್ತೀರೋ, ಟೈಲ್ಸೋ?" ಕೆಲವರ ಮಾತಿನಲ್ಲಿ ಗ್ರಾನೈಟ್ ಅಂದರೆ ಗಟ್ಟಿ, ಟೈಲ್ಸ್ ಅಂದರೆ ಅಗ್ಗ. ಇನ್ನು ಕೆಲವರ ಮಾತಿನಲ್ಲಿ ಗ್ರಾನೈಟ್ ಹಳೇ ಕಾಲದ್ದು, ಈಗ ಅದೇ ಥರ ಕಾಣುವ ಟೈಲ್ಸ್ ಬಂದಿರುವಾಗ ಕಲ್ಲು ಯಾಕೆ ಹೊರಬೇಕು. ಎರಡೂ ಪೂರ್ತಿ ಸರಿಯಲ್ಲ. ಮಳೆ ಇಷ್ಟು ಸುರಿಯುವ ನಮ್ಮ ಜಿಲ್ಲೆಯಲ್ಲಿ ನೆಲದ ಹಣೆಬರಹ ಬರೆಯುವುದು ಅದರ ಅಡಿಯಲ್ಲಿರುವ ಮಣ್ಣು ಮತ್ತು ತೇವ. ಕಲ್ಲು ಆರಿಸುವ ಮೊದಲು ಅದನ್ನು ನೋಡಬೇಕು ಎಂಬುದು ನನಗೆ ಅಕ್ಕನ ಮನೆಯಲ್ಲಿ ಗೊತ್ತಾಯಿತು. ಅಲ್ಲಿಂದ ಮುಂದೆ ಕೇಳಿ, ನೋಡಿ, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ನೆಂಟರೇ

ಮೊದಲು ಈ ಎರಡು ವಸ್ತುಗಳು ಏನು ಅಂತ ನೋಡೋಣ. ಗ್ರಾನೈಟ್ ಅಂದರೆ ಭೂಮಿಯ ಆಳದಲ್ಲಿ ಕರಗಿದ ಶಿಲೆ ಬಹಳ ನಿಧಾನವಾಗಿ ತಣ್ಣಗಾಗಿ ಆದ ಕಲ್ಲು. ನಿಧಾನವಾಗಿ ತಣಿದದ್ದರಿಂದಲೇ ಅದರಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಹರಳುಗಳಿವೆ. ಗಾಜಿನಂತೆ ಕಾಣುವುದು ಕ್ವಾರ್ಟ್ಸ್, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಚಕ್ಕೆ ಅಭ್ರಕ. ರಾಮನಗರದ ಬೆಟ್ಟಗಳ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು.

ವಿಟ್ರಿಫೈಡ್ ಟೈಲ್ಸ್‌ನಲ್ಲೂ ಇರುವುದು ಹೆಚ್ಚುಕಡಿಮೆ ಇವೇ ಖನಿಜಗಳು. ಜೇಡಿಮಣ್ಣಿನ ಜೊತೆ ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್ ಪುಡಿ ಸೇರಿಸಿ, ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ, 1200 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಡುತ್ತಾರೆ. ಫೆಲ್ಡ್‌ಸ್ಪಾರ್ ಕರಗಿ ಗಾಜಿನಂತಾಗಿ ಉಳಿದ ಕಣಗಳ ನಡುವಿನ ಸಂದು ಮುಚ್ಚುತ್ತದೆ. ಗಾಜಾಗುವುದು ಅನ್ನುವ ಅರ್ಥದಿಂದಲೇ ವಿಟ್ರಿಫೈಡ್ ಎಂಬ ಹೆಸರು. ನಮ್ಮ ಅಂಗಡಿಗಳಿಗೆ ಬರುವ ಬಹುಪಾಲು ಟೈಲ್ಸ್ ಗುಜರಾತಿನ ಮೊರ್ಬಿಯವು. ಆಧುನಿಕ ಒಲೆಯಲ್ಲಿ ಒಂದು ಟೈಲ್ ಸುಟ್ಟು ಹೊರಬರಲು ಒಂದು ಗಂಟೆಯ ಆಸುಪಾಸು ಸಾಕು.

ನೀರು ಕುಡಿಯುವುದರಲ್ಲಿ ಇಬ್ಬರೂ ಮಿತವ್ಯಯಿಗಳು. ಒಳ್ಳೆಯ ಗ್ರಾನೈಟ್ ತನ್ನ ತೂಕದ ಶೇ 0.4ಕ್ಕಿಂತ ಕಡಿಮೆ ನೀರು ಹೀರುತ್ತದೆ. ವಿಟ್ರಿಫೈಡ್ ಎನ್ನಿಸಿಕೊಳ್ಳಬೇಕಾದರೆ ಟೈಲ್ ಶೇ 0.5ಕ್ಕಿಂತ ಜಾಸ್ತಿ ಹೀರಬಾರದು. ಗೋಡೆಗೆ ಹಾಕುವ ಮಾಮೂಲಿ ಸಿರಾಮಿಕ್ ಟೈಲ್ ಇದರ ಎಷ್ಟೋ ಪಟ್ಟು ಹೀರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಟೈಲ್ ಮಗುಚಿ ಬೆನ್ನಿನ ಮೇಲೆ ನಾಲ್ಕು ಹನಿ ನೀರು ಹಾಕಿ. ಸಿರಾಮಿಕ್ ಆದರೆ ಹನಿ ಬೇಗ ಇಂಗಿಹೋಗುತ್ತದೆ. ವಿಟ್ರಿಫೈಡ್ ಮೇಲೆ ಹಾಗೇ ನಿಂತಿರುತ್ತದೆ.

ಗ್ರಾನೈಟ್‌ನಂತೆ ಕಾಣುವ ಟೈಲ್ಸ್‌ನಲ್ಲೇ ಮೂರು ಬಗೆ ಇವೆ. ಮುಂದೆ ಆಗುವ ಬಹಳಷ್ಟು ಬೇಸರಕ್ಕೆ ಕಾರಣ ಈ ವ್ಯತ್ಯಾಸ ಗೊತ್ತಿಲ್ಲದಿರುವುದು. ಒಂದನೆಯದು ಫುಲ್ ಬಾಡಿ. ಮೇಲಿನಿಂದ ಅಡಿಯವರೆಗೆ ಒಂದೇ ಬಣ್ಣ, ಒಂದೇ ಚುಕ್ಕೆ. ಎರಡನೆಯದು ಡಬಲ್ ಚಾರ್ಜ್. ಇದರಲ್ಲಿ ಬಣ್ಣದ ಪುಡಿಯ ಪದರ ಮೇಲಿನ 3-4 ಮಿಲಿಮೀಟರ್ ಮಾತ್ರ, ಅದರ ಕೆಳಗೆ ಬೇರೆ ಮಣ್ಣು. ಮೂರನೆಯದು ಗ್ಲೇಜ್ಡ್, ಅಂಗಡಿಯವರು ಜಿವಿಟಿ, ಪಿಜಿವಿಟಿ ಅನ್ನುತ್ತಾರೆ. ಇಲ್ಲಿ ಗ್ರಾನೈಟ್ ಚಿತ್ರವನ್ನು ಯಂತ್ರ ಮುದ್ರಿಸಿ ಅದರ ಮೇಲೆ ಗಾಜಿನ ತೆಳು ಲೇಪ ಕೊಡುತ್ತದೆ. ಎದುರಿಗೆ ಇಟ್ಟಾಗ ಮೂರೂ ಒಂದೇ ಥರ ಹೊಳೆಯುತ್ತವೆ. ಹಾಗಾಗಿ ಅಂಗಡಿಯಲ್ಲಿ ಒಂದು ಒಡೆದ ಚೂರು ಕೇಳಿ. ಒಡೆದ ಬದಿ ನೋಡಿದರೆ ಸಾಕು, ಯಾವ ಬಗೆ ಎಂದು ಯಾರನ್ನೂ ಕೇಳಬೇಕಾಗಿಲ್ಲ. ನಾನು ಹೋದ ಒಂದು ಅಂಗಡಿಯಲ್ಲಿ ಡಬಲ್ ಚಾರ್ಜ್ ಅಂತ ತೋರಿಸಿದ್ದು ಚೂರು ನೋಡಿದಾಗ ಬರೀ ಮುದ್ರಣದ್ದಾಗಿತ್ತು.

ಕಲ್ಲಿನ ಹೆಸರಲ್ಲೂ ಒಂದು ಮಾತು ತಿಳಿದಿರಲಿ. ವ್ಯಾಪಾರದಲ್ಲಿ ಗಟ್ಟಿಯಾಗಿದ್ದು ಪಾಲಿಶ್ ಹಿಡಿಯುವ ಕಲ್ಲೆಲ್ಲ ಗ್ರಾನೈಟೇ. ಚಾಮರಾಜನಗರದ ಕಪ್ಪು ಕಲ್ಲು ಭೂವಿಜ್ಞಾನದ ಲೆಕ್ಕದಲ್ಲಿ ಡಾಲರೈಟ್. ಅದರಿಂದ ನಮಗೇನೂ ನಷ್ಟವಿಲ್ಲ, ಅದು ಬಹಳ ಒಳ್ಳೆಯ ಕಲ್ಲು. ಆದರೆ ಕಡಪಾ ಕಲ್ಲನ್ನು ಕಪ್ಪು ಗ್ರಾನೈಟ್ ಅಂತ ತಿಳಿದು ಒಲೆಕಟ್ಟೆಗೆ ಹಾಕಿಸಬೇಡಿ. ಅದು ಸುಣ್ಣದ ಕಲ್ಲು. ಲಿಂಬೆರಸ, ಹುಣಸೆಹುಳಿ, ಮುರುಗಲು (ಕೋಕಂ) ಬಿದ್ದಲ್ಲಿ ಹೊಳಪು ತಿಂದುಹೋಗುತ್ತದೆ.

ಕೆಳಗಿಂದ ಬರುವ ನೀರು

ನಮ್ಮ ಹಳೆಯ ಮನೆಗಳ ಪಂಚಾಂಗ, ಅಂದರೆ ತಳಪಾಯ, ಚಿರೇಕಲ್ಲಿನದು. ಒಳಗೆ ತುಂಬಿದ್ದು ಕೆಂಪು ಮಣ್ಣು. ಎರಡಕ್ಕೂ ನೀರು ಹೀರುವ ಗುಣ ಇದೆ. ಮಳೆಗಾಲದಲ್ಲಿ ಮನೆಯ ಸುತ್ತಿನ ಮಣ್ಣು ನೆನೆದು ನಿಂತಾಗ, ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ಈ ಮಣ್ಣು ನೀರನ್ನು ಮೇಲಕ್ಕೆ ಏರಿಸಿಕೊಳ್ಳುತ್ತದೆ. ಸೆಗಣಿ ಸಾರಿಸಿದ ನೆಲದಿಂದ ಅದು ಹಾಗೇ ಆರಿಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾವು ಅದರ ಮೇಲೆ ಬಿಗಿಯಾದ ಮುಚ್ಚಳ ಹಾಕಿದಾಗ ತೊಂದರೆ ಶುರು.

ಶೇಕಡಾ ಲೆಕ್ಕದಲ್ಲಿ ಗ್ರಾನೈಟ್, ವಿಟ್ರಿಫೈಡ್ ಎರಡೂ ಸಮ ಅಂದೆನಲ್ಲ, ಆದರೆ ನಡತೆ ಬೇರೆ. ಗ್ರಾನೈಟ್‌ನ ಹರಳು ಹರಳುಗಳ ನಡುವೆ ಕೂದಲಿಗಿಂತ ಸಣ್ಣ ಸಂದುಗಳಿವೆ. ಅವು ಒಂದಕ್ಕೊಂದು ಸೇರಿಕೊಂಡಿವೆ. ಕೆಳಗೆ ಸದಾ ಒದ್ದೆ ಇದ್ದರೆ ತೇವ ನಿಧಾನವಾಗಿ ಕಲ್ಲಿನೊಳಗೆ ಬಂದು ಮೇಲಿನಿಂದ ಆರುತ್ತದೆ. ಬರುವಾಗ ಗಾರೆಯ ಉಪ್ಪನ್ನೂ ಮಣ್ಣಿನ ಕಬ್ಬಿಣದ ಅಂಶವನ್ನೂ ಹೊತ್ತು ತರುತ್ತದೆ. ತಿಳಿ ಬಣ್ಣದ ಕಲ್ಲಿನಲ್ಲೇ ಕಬ್ಬಿಣ ಇರುವ ಕಪ್ಪು ಖನಿಜದ ಚುಕ್ಕೆಗಳು ಇರುತ್ತವೆ. ತೇವ ತಾಗಿ ಅವೂ ತುಕ್ಕು ಹಿಡಿಯುತ್ತವೆ. ಅಕ್ಕನ ಜಗುಲಿಯ ಹಳದಿ ಬಣ್ಣ ಅದೇ. ಆ್ಯಸಿಡ್ ಹಾಕಿದಾಗ ಕಬ್ಬಿಣ ಇನ್ನಷ್ಟು ಕರಗಿ ಇನ್ನೂ ಅಗಲಕ್ಕೆ ಹರಡಿತು. ಗ್ರಾನೈಟ್ ಮೇಲೆ ದಯವಿಟ್ಟು ಆ್ಯಸಿಡ್ ಹಾಕಬೇಡಿ. ಗಾರೆಯ ಕಲೆ ತೆಗೆಯಲಿಕ್ಕೂ ಬೇಡ.

ಕಾರವಾರದಂಥ ಕಡೆ ಇದರ ಜೊತೆ ಇನ್ನೊಂದು ಸೇರಿಕೊಳ್ಳುತ್ತದೆ, ಉಪ್ಪು. ಉಪ್ಪುನೀರು ನುಗ್ಗುವ ಹೊಳೆಬಾಯಿಯ ರೇತಿಯನ್ನು ತೊಳೆಯದೆ ನೆಲಕ್ಕೆ ತುಂಬಿದರೆ ಆ ಉಪ್ಪು ಅಲ್ಲೇ ಇರುತ್ತದೆ. ಗಾಳಿಯ ತೇವ ಶೇ 75ರ ಆಸುಪಾಸು ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರಾಗುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ನೆಲದಡಿ ಅದೇ ಆಗುತ್ತದೆ. ಅಂಥ ನೆಲ ಬೇಸಿಗೆಯಲ್ಲಿ ಆರಿದ ಹಾಗೆ ಕಂಡು ಮಳೆಗಾಲದಲ್ಲಿ ಮತ್ತೆ ಅದೇ ಜಾಗದಲ್ಲಿ ಕಪ್ಪಾಗುತ್ತದೆ.

ಹಾಗಾದರೆ ಟೈಲ್ಸ್ ಹಾಕಿದರೆ ಮುಗಿಯಿತೇ? ಇಲ್ಲ. ವಿಟ್ರಿಫೈಡ್ ಟೈಲ್ ತನ್ನ ಮೈ ಮೂಲಕ ತೇವವನ್ನು ಬಿಡುವುದು ಬಹಳ ಕಡಿಮೆ. ಅದರ ಮುಖ ಚೊಕ್ಕವಾಗಿಯೇ ಇರುತ್ತದೆ. ಆದರೆ ಕೆಳಗಿನ ನೀರು ಎಲ್ಲಿಗೆ ಹೋಗಬೇಕು? ಸಂದಿನಲ್ಲಿ ಬಿಳಿ ಪುಡಿಯಾಗಿ ಏಳುತ್ತದೆ. ಇಲ್ಲವೇ ಬದಿಗೆ ಸರಿದು ಗೋಡೆಗೆ ಏರುತ್ತದೆ. ಟೈಲ್ಸ್ ಹಾಕಿಸಿದ ಮೇಲೆ ಹಳೆ ಚಿರೇಕಲ್ಲಿನ ಗೋಡೆಯ ಬುಡದಲ್ಲಿ ಬಣ್ಣ ಹೊಪ್ಪಳೆ ಏಳಲು ಶುರುವಾದ ಮನೆಗಳನ್ನು ನಮ್ಮ ಸೀಮೆಯಲ್ಲಿ ನೋಡಿದ್ದೇನೆ. ಎಲ್ಲರೂ ಬಣ್ಣದವನನ್ನು ಬಯ್ಯುತ್ತಾರೆ, ಪಾಪ. ಟೈಲ್ ತೇವವನ್ನು ಮುಚ್ಚಿಡುತ್ತದೆ, ಅಷ್ಟೇ. ಅದನ್ನು ವಾಸಿ ಮಾಡುವುದಿಲ್ಲ.

ಹಾಗಾಗಿ ಯಾವುದೇ ಅಂಗಡಿಗೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿ ಕಾಂಕ್ರೀಟ್ ಮೇಲೆ ಹಾಸಿ ನಾಲ್ಕೂ ಬದಿಗೆ ಟೇಪ್ ಬಿಗಿಯಾಗಿ ಅಂಟಿಸಿ. ಒಂದು ದಿನ ಬಿಡಿ. ಹಾಳೆಯ ಒಳಬದಿ ಹನಿಗಟ್ಟಿದರೆ ಅಥವಾ ಅದರಡಿಯ ಕಾಂಕ್ರೀಟ್ ಕಪ್ಪಾಗಿದ್ದರೆ ನೀರು ಕೆಳಗಿಂದ ಬರುತ್ತಿದೆ. ಹಾಳೆಯ ಮೇಲ್ಬದಿ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಮುಂಗಾರು ಶುರುವಾದಾಗ ಬಿಸಿ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ, ನೆಲ ಬೆವರುತ್ತದೆ ಅನ್ನುತ್ತೇವಲ್ಲ, ಅದು. ಅದಕ್ಕೆ ಕಲ್ಲೂ ಕಾರಣವಲ್ಲ, ಟೈಲೂ ಕಾರಣವಲ್ಲ. ಗಾಳಿ ಆಡಲು ಬಿಟ್ಟರೆ, ಫ್ಯಾನ್ ಹಾಕಿದರೆ ಹೋಗುತ್ತದೆ.

ಕೆಳಗಿಂದ ಬರುವುದು ಖಚಿತವಾದರೆ ದುಡ್ಡು ಮೊದಲು ಅಲ್ಲಿಗೇ ಖರ್ಚು ಮಾಡಬೇಕು. ಮಣ್ಣು ಕುಟ್ಟಿ ಗಟ್ಟಿ ಮಾಡಿ, ಅದರ ಮೇಲೆ ದಪ್ಪ ಕಲ್ಲು ಜಲ್ಲಿಯ ಹಾಸು ಹಾಕಬೇಕು. ಜಲ್ಲಿಯ ನಡುವಿನ ಖಾಲಿ ಜಾಗ ದೊಡ್ಡದಾಗಿರುವುದರಿಂದ ನೀರಿಗೆ ಮೇಲೇರಲು ಆಗುವುದಿಲ್ಲ. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ ಕಾಂಕ್ರೀಟ್. ಮನೆಯ ಸುತ್ತ ಮಳೆನೀರು ಪಂಚಾಂಗಕ್ಕೆ ತಾಗದೆ ಹೊರಗೆ ಓಡಲು ಗಟಾರ ಬೇಕು. ಇಷ್ಟು ಮಾಡದೆ ದುಬಾರಿ ಕಲ್ಲು ತಂದರೆ ಅದು ಅಕ್ಕನ ಜಗುಲಿಯೇ ಆಗುತ್ತದೆ. ಇಡೀ ಮನೆ ಅಗೆಯುವುದು ಸಾಧ್ಯವಿಲ್ಲದವರು ಕಪ್ಪು ಅಥವಾ ಗಾಢ ಬಣ್ಣದ ಗ್ರಾನೈಟ್ ಹಾಕುವುದು ಒಳ್ಳೆಯದು. ಅದರಲ್ಲೂ ತೇವ ಇರುತ್ತದೆ, ಆದರೆ ಕಾಣುವುದಿಲ್ಲ. ತಿಳಿ ಬಣ್ಣವೇ ಬೇಕೆಂದರೆ ಅಲ್ಲಿ ಟೈಲ್ಸೇ ಸರಿ.

ಮೇಲಿಂದ ಬೀಳುವುದು

ಈಗ ಮೇಲ್ಮೈಗೆ ಬರೋಣ. ಕರಾವಳಿಯ ಮನೆಗೆ ದೊಡ್ಡ ಶತ್ರು ಮರಳು. ಮಾಜಾಳಿ ಹತ್ತಿರದ ತಿಳಮಾತಿ ಕಡಲತೀರದ ಎಳ್ಳಿನಂಥ ಕಪ್ಪು ಮರಳು ಬೇರೆ, ಆದರೆ ನಮ್ಮ ಹೆಚ್ಚಿನ ಕಡಲತೀರದ ಮರಳಿನಲ್ಲಿ ತುಂಬಿರುವುದು ಕ್ವಾರ್ಟ್ಸ್ ಕಣ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಕ್ವಾರ್ಟ್ಸ್ 7ನೇ ಸ್ಥಾನದಲ್ಲಿದೆ. ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಸ್ ಕೂಡ 7, ಫೆಲ್ಡ್‌ಸ್ಪಾರ್ 6. ಟೈಲ್ ಮೇಲಿನ ಗಾಜಿನ ಲೇಪ ಸಾಮಾನ್ಯವಾಗಿ ಮರಳಿಗಿಂತ ಮೆದು. ಕಾಲಿಗೆ ಹತ್ತಿದ ಮರಳು ದಿನಾ ಅದರ ಮೇಲೆ ತಿಕ್ಕಿದರೆ ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಮಂಕಾಗುತ್ತದೆ. ಸುತ್ತ ಹೊಳಪು, ನಡುವೆ ಕಾಲುದಾರಿ.

ಇಲ್ಲಿ ಗ್ರಾನೈಟ್‌ಗೆ ದೊಡ್ಡ ಲಾಭ ಇದೆ. ಸವೆದರೂ ಒಳಗಿರುವುದು ಅದೇ ಕಲ್ಲು. ಇಪ್ಪತ್ತು ವರ್ಷದ ಮೇಲೆ ಯಂತ್ರ ತಂದು ಮತ್ತೆ ಪಾಲಿಶ್ ಮಾಡಬಹುದು. ಫುಲ್ ಬಾಡಿ ಟೈಲ್ ಸವೆದರೂ ಬಣ್ಣ ಹೋಗುವುದಿಲ್ಲ. ಡಬಲ್ ಚಾರ್ಜ್‌ನಲ್ಲಿ ಮೂರು ಮಿಲಿಮೀಟರ್‌ನಷ್ಟು ಭದ್ರತೆ ಇದೆ, ಮನೆ ಬಳಕೆಗೆ ಅದು ಧಾರಾಳ ಸಾಕು. ಮುದ್ರಣದ ಟೈಲ್‌ನ ಲೇಪ ಹೋದರೆ ಚಿತ್ರವೂ ಹೋಯಿತು. ಅದನ್ನು ತೆಗೆದು ಬೇರೆ ಹಾಕುವುದೊಂದೇ ದಾರಿ.

ಹಾಗಂತ ಮುದ್ರಣದ ಟೈಲ್ ಕೀಳು ಅಂತ ಹೇಳುತ್ತಿಲ್ಲ. ಕಲೆಯ ವಿಷಯಕ್ಕೆ ಬಂದರೆ ಅದೇ ಮುಂದೆ. ಶಿರಸಿ ಕಡೆ ಅಡಿಕೆ ಬೇಯಿಸುವ ಮನೆಯವರಿಗೆ ಇದು ಮುಖ್ಯ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಬೆರಳಿನಿಂದ ಹೋಗಲು ವಾರಗಳೇ ಬೇಕು. ಅದು ನೆಲಕ್ಕೆ ಬಿದ್ದರೆ? ಗಾಜಿನ ಲೇಪದ ಮೇಲೆ ಅದಕ್ಕೆ ಇಳಿಯಲು ಜಾಗವೇ ಇಲ್ಲ, ಒರೆಸಿದರೆ ಬರುತ್ತದೆ. ಆದರೆ ಪಾಲಿಶ್ ಮಾಡಿದ ಡಬಲ್ ಚಾರ್ಜ್ ಟೈಲ್‌ನಲ್ಲಿ ಒಂದು ಗುಟ್ಟಿದೆ. ಸುಟ್ಟ ಮೇಲೆ ಅದರ ಮೈಯನ್ನು ಉಜ್ಜಿ ಹೊಳಪು ತರುವಾಗ ಒಳಗೆ ಮುಚ್ಚಿಕೊಂಡಿದ್ದ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ. ಕಂಪನಿಯವರು ಅದನ್ನು ನ್ಯಾನೋ ಲೇಪದಿಂದ ತುಂಬುತ್ತಾರೆ. ಆ ಲೇಪ ಸವೆದ ಮೇಲೆ ಅರಿಸಿನ, ಚೊಗರು, ಮುರುಗಲು ಹಿಡಿದುಕೊಳ್ಳಬಹುದು. ತಿಳಿ ಬಣ್ಣದ ಗ್ರಾನೈಟ್‌ಗೂ ಇದೇ ಪಾಡು. ಇದರ ಮೇಲೆ ಕೊಬ್ಬರಿ ಎಣ್ಣೆ ಚೆಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆ ಕಪ್ಪು ಮಚ್ಚೆ ಕಾಣುತ್ತದೆ. ಕಡಲ ಗಾಳಿಯಲ್ಲಿ ಗ್ಯಾಸ್ ಸಿಲಿಂಡರಿನ ಬುಡಕ್ಕೆ ಬೇಗ ತುಕ್ಕು ಹಿಡಿಯುತ್ತದೆ, ಅದರ ಉಂಗುರವೂ ಕಲ್ಲಿಗೆ ಇಳಿಯುತ್ತದೆ. ಅಡಿಗೆ ಒಂದು ಮರದ ಹಲಗೆ ಇಟ್ಟರೆ ಸಾಕು.

ನಾನು ಮಾಡಿದ್ದು ಇಷ್ಟು. ನಾಲ್ಕು ಸ್ಯಾಂಪಲ್ ಚೂರುಗಳನ್ನು ಮನೆಗೆ ತಂದು ಜಗುಲಿಯಲ್ಲಿಟ್ಟೆ. ಪ್ರತಿಯೊಂದರ ಮೇಲೂ ಒಂದು ಚಮಚ ಚೊಗರು, ಒಂದು ಚಮಚ ಅರಿಸಿನ ಕಲಸಿದ ಎಣ್ಣೆ, ಮುರುಗಲು ಸಿಪ್ಪೆ ಇಟ್ಟು ರಾತ್ರಿ ಬಿಟ್ಟೆ. ಬೆಳಿಗ್ಗೆ ಆಯಿ ತೊಳೆದು ನೋಡಿ, ಯಾವುದು ಬೇಡ ಅಂತ ಒಂದೇ ನೋಟಕ್ಕೆ ಹೇಳಿದರು. ಅಂಗಡಿಯ ದೀಪದ ಕೆಳಗೆ ಒಂದು ಗಂಟೆ ನಿಂತರೂ ಗೊತ್ತಾಗದ್ದು ಅಲ್ಲಿ ಗೊತ್ತಾಯಿತು. ಒಂದು ಬಿಳಿ ಗ್ರಾನೈಟ್ ಮತ್ತು ಒಂದು ತಿಳಿ ಟೈಲ್ ಅಲ್ಲೇ ಬಿದ್ದುಹೋದವು.

ಭಾರ ಬಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ನಮ್ಮಲ್ಲಿ ಜಗುಲಿಯಲ್ಲೇ ಮೆಟ್ಟುಗತ್ತಿ ಇಟ್ಟು ಅಡಿಕೆ ಸುಲಿಯುತ್ತೇವೆ, ತೆಂಗಿನಕಾಯಿ ಒಡೆಯುತ್ತೇವೆ, ಹಲಸಿನಹಣ್ಣು ಕೊಯ್ಯುತ್ತೇವೆ. 18 ಮಿಲಿಮೀಟರ್ ದಪ್ಪದ ಕಲ್ಲು ಈ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ. 9 ಮಿಲಿಮೀಟರ್ ಟೈಲ್ ಅಡಿಯಲ್ಲಿ ಗಾರೆ ಪೂರ್ತಿ ತುಂಬಿದ್ದರೆ ಅದೂ ತಡೆಯುತ್ತದೆ. ಪೊಳ್ಳಿದ್ದರೆ ಮಾತ್ರ ಒಡೆಯುತ್ತದೆ. ಹಲಸಿನ ಮೇಣಕ್ಕೆ ಎರಡರ ಮೇಲೂ ಕೊಬ್ಬರಿ ಎಣ್ಣೆಯೇ ಮದ್ದು, ಆದರೆ ಕಲ್ಲಾದರೆ ಎಣ್ಣೆಯನ್ನು ಕೂಡಲೇ ಸೋಪಿನಿಂದ ತೊಳೆಯಿರಿ.

ಜಾರುವುದು, ತಣ್ಣಗಿರುವುದು

ಜಾರುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮನೆಯಲ್ಲಿ ವಯಸ್ಸಾದವರಿದ್ದರೆ ಜಗುಲಿ, ಮೆಟ್ಟಿಲು, ಬಚ್ಚಲಿಗೆ ಕನ್ನಡಿಯಂಥ ಹೊಳಪು ಬೇಡವೇ ಬೇಡ. ಗ್ರಾನೈಟ್ ಆಗಲಿ ಟೈಲ್ ಆಗಲಿ, ಪಾಲಿಶ್ ಇದ್ದು ನೀರು ಬಿದ್ದರೆ ಎರಡೂ ಒಂದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕಾಲಲ್ಲೇ ಒಳಗೆ ಬರುವ ಊರು ನಮ್ಮದು. ಗ್ರಾನೈಟ್‌ನಲ್ಲಿ ಫ್ಲೇಮ್ಡ್ ಅಂತ ಸಿಗುತ್ತದೆ. ಕಲ್ಲಿನ ಮೇಲೆ ಬೆಂಕಿಯ ಜ್ವಾಲೆ ಹಾಯಿಸಿದಾಗ ಕ್ವಾರ್ಟ್ಸ್ ಹಿಗ್ಗಿ ಸಣ್ಣ ಚಕ್ಕೆ ಸಿಡಿದು ಮೈ ಒರಟಾಗುತ್ತದೆ. ಒಳಾಂಗಣಕ್ಕೆ ಚರ್ಮದ ಹಾಗೆ ತುಸು ತರಿಯಾದ ಲೆದರ್ ಫಿನಿಶ್ ಚೆನ್ನ. ಟೈಲ್ಸ್‌ನಲ್ಲಿ ಮ್ಯಾಟ್ ತಗೊಳ್ಳಿ. ಡಬ್ಬಿಯ ಮೇಲೆ ಆರ್-9, ಆರ್-10, ಆರ್-11 ಅಂತ ಬರೆದಿರುವುದುಂಟು. ಅಂಕಿ ಹೆಚ್ಚಾದಷ್ಟು ಹಿಡಿತ ಹೆಚ್ಚು, ಆರ್-13ರವರೆಗೆ ಇದೆ. ಇದು ಜರ್ಮನಿಯ ಪರೀಕ್ಷೆ. ಎಣ್ಣೆ ಹಾಕಿದ ಇಳಿಜಾರಿನ ಮೇಲೆ ಬೂಟು ಹಾಕಿದ ಮನುಷ್ಯನನ್ನು ನಡೆಸಿ ಎಷ್ಟು ಓರೆಯಲ್ಲಿ ಜಾರುತ್ತಾನೆ ಎಂದು ನೋಡುತ್ತಾರೆ. ನಾವು ಮನೆಯಲ್ಲಿ ಬರಿಗಾಲಲ್ಲಿ ನಡೆಯುವವರು. ಅದಕ್ಕೆ ಅಂಕಿಯ ಜೊತೆಗೆ ಸ್ಯಾಂಪಲ್ ಮೇಲೆ ನೀರು ಹಾಕಿ ಬರಿಗಾಲಿಟ್ಟು ನೋಡಿ.

ಗ್ರಾನೈಟ್ ಟೈಲ್‌ಗಿಂತ ತಣ್ಣಗೆ ಅನ್ನಿಸುವುದು ನಿಜ. ಕಲ್ಲು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ದಪ್ಪವೂ ಜಾಸ್ತಿ. ಏಪ್ರಿಲ್ ಮಧ್ಯಾಹ್ನ ಕಾರವಾರದಲ್ಲಿ ಅಂಥ ನೆಲದ ಮೇಲೆ ಸುಮ್ನೆ ಮಲಗಿದರೆ ಸುಖ. ಡಿಸೆಂಬರ್ ಬೆಳಗಿನ ಜಾವ ಶಿರಸಿಯಲ್ಲಿ ಅದೇ ನೆಲಕ್ಕೆ ಕಾಲಿಡಲು ಮನಸ್ಸಾಗುವುದಿಲ್ಲ.

ದುಡ್ಡಿನ ಲೆಕ್ಕ

ಚದರಡಿ ದರ ಇಲ್ಲಿ ಬರೆಯುವುದಿಲ್ಲ. ಅದು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಲೆಕ್ಕ ಹಾಕುವ ಕ್ರಮ ಮುಖ್ಯ. 200 ಚದರಡಿಯ ಕೋಣೆ ಅಂತಿಟ್ಟುಕೊಳ್ಳಿ. 2 ಬೈ 2 ಟೈಲ್‌ನ ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ ನಾಲ್ಕು ಟೈಲ್ ಇರುತ್ತವೆ, ಅಂದರೆ ಸುಮಾರು 15.5 ಚದರಡಿ. ಕತ್ತರಿಸುವಾಗ ಹೋಗುವುದನ್ನು ಸೇರಿಸಿದರೆ 14 ಡಬ್ಬಿ ಬೇಕು. ಗ್ರಾನೈಟ್‌ನಲ್ಲಿ ಕೋಣೆಯ ಅಳತೆಗೆ ಚಪ್ಪಡಿ ಹೊಂದದಿದ್ದರೆ ವ್ಯರ್ಥ ಇನ್ನೂ ಜಾಸ್ತಿ. ಚಪ್ಪಡಿ ಅಳೆಯುವಾಗ ಒಡೆದ ಮೂಲೆಯನ್ನೂ ಸೇರಿಸಿ ಅಳೆಯುತ್ತಾರೋ ಬಿಟ್ಟು ಅಳೆಯುತ್ತಾರೋ ಮೊದಲೇ ಮಾತಾಡಿಕೊಳ್ಳಿ.

ತೂಕವೂ ಖರ್ಚೇ. 18 ಮಿಲಿಮೀಟರ್ ಗ್ರಾನೈಟ್ ಚದರಡಿಗೆ ಹತ್ತಿರ ಹತ್ತಿರ 4.5 ಕಿಲೋ ತೂಗುತ್ತದೆ, ಟೈಲ್ ಸುಮಾರು 2 ಕಿಲೋ. ಸಾವಿರ ಚದರಡಿಗೆ ನಾಲ್ಕೂವರೆ ಟನ್ ಒಂದು ಕಡೆ, ಎರಡು ಟನ್ ಇನ್ನೊಂದು ಕಡೆ. ಇಳಕಲ್ಲಿನ ಕೆಂಪು ಕಲ್ಲಾದರೂ ಆಂಧ್ರದ ಕಲ್ಲಾದರೂ ಕರಾವಳಿಗೆ ಘಟ್ಟ ಇಳಿದೇ ಬರಬೇಕು. ಅರಬೈಲ್ ಘಟ್ಟದ ತಿರುವುಗಳಲ್ಲಿ ಕಲ್ಲಿನ ಲಾರಿ ಹೇಗೆ ಇಳಿಯುತ್ತದೆ ಅಂತ ನೋಡಿದವರಿಗೆ ಬಾಡಿಗೆ ಯಾಕೆ ಅಷ್ಟು ಅಂತ ಹೇಳಬೇಕಾಗಿಲ್ಲ. ಊರೊಳಗಿನ ಮಣ್ಣು ದಾರಿಗೆ ದೊಡ್ಡ ಲಾರಿ ಬರದಿದ್ದರೆ ಇನ್ನೊಮ್ಮೆ ಇಳಿಸಿ ಏರಿಸುವ ಕೂಲಿ. ಹಮಾಲಿ, ಕಟಿಂಗ್, ಅಂಚಿನ ಮೋಲ್ಡಿಂಗ್, ಹಾಕುವ ಕೂಲಿ, ಎಲ್ಲ ಸೇರಿಸಿ ಎರಡನ್ನೂ ಪಕ್ಕ ಪಕ್ಕ ಬರೆದು ನೋಡಿ. ಕೆಲವೊಮ್ಮೆ ಕಲ್ಲಿನ ದರ ಟೈಲ್‌ಗಿಂತ ಕಡಿಮೆ ಇದ್ದು ಕೊನೆಯ ಮೊತ್ತ ಜಾಸ್ತಿ ಆಗುತ್ತದೆ.

ಹಳೆಯ ಮರದ ಮಾಳಿಗೆಯ ಮೇಲೆ ಮಾತ್ರ ಗ್ರಾನೈಟ್ ಯೋಚನೆ ಬೇಡ. ಕಲ್ಲು ಮತ್ತು ಅದರಡಿಯ ಎರಡಿಂಚು ಗಾರೆ ಸೇರಿದರೆ ಚದರ ಮೀಟರಿಗೆ 150 ಕಿಲೋ ಆಸುಪಾಸು ಭಾರ ಬೀಳುತ್ತದೆ.

ಕೊಳ್ಳುವಾಗ, ಹಾಕಿಸುವಾಗ

ಗ್ರಾನೈಟ್ ಆರಿಸುವಾಗ ಒಂದೇ ಬಂಡೆಯಿಂದ ಸೀಳಿದ ಚಪ್ಪಡಿಗಳನ್ನೇ ತಗೊಳ್ಳಿ. ಬೇರೆ ಬಂಡೆಯದು ಸೇರಿದರೆ ಬಣ್ಣ ಹೊಂದುವುದಿಲ್ಲ. ಚಪ್ಪಡಿಗೆ ನೀರು ಹಾಕಿ ಆರುವಾಗ ನೋಡಿ. ಬಿರುಕಿದ್ದರೆ ಅಲ್ಲಿ ಗೆರೆ ಕೊನೆಯವರೆಗೆ ಒದ್ದೆ ಉಳಿಯುತ್ತದೆ. ಕಪ್ಪು ಗ್ರಾನೈಟ್‌ಗೆ ಬಣ್ಣ ಬಳಿದು ಮಾರುವುದುಂಟು. ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಬಿಳಿ ಬಟ್ಟೆ ಅದ್ದಿ ಉಜ್ಜಿ. ಬಟ್ಟೆ ಕಪ್ಪಾದರೆ ವಾಪಸ್ ಬನ್ನಿ.

ಟೈಲ್ ಡಬ್ಬಿಗಳ ಮೇಲೆ ಬ್ಯಾಚ್, ಶೇಡ್ ಅಂತ ಮುದ್ರಿಸಿರುತ್ತಾರೆ. ಎಲ್ಲ ಡಬ್ಬಿಯಲ್ಲೂ ಅದು ಒಂದೇ ಇರಬೇಕು. ಒಂದೇ ವಿನ್ಯಾಸವಾದರೂ ಬ್ಯಾಚ್ ಬೇರೆಯಾದರೆ ಬಣ್ಣ ಕೂದಲೆಳೆಯಷ್ಟು ಬೇರೆಯಾಗುತ್ತದೆ, ಅಳತೆಯೂ ಬೇರೆಯಾಗಬಹುದು. ಮುದ್ರಣದ ಟೈಲ್ ಆದರೆ ಎಷ್ಟು ಬೇರೆ ಬೇರೆ ಮುಖಗಳಿವೆ ಅಂತ ಕೇಳಿ. ಎರಡು ಮೂರೇ ಇದ್ದರೆ ಅದೇ ಚುಕ್ಕೆ ಅದೇ ಗೆರೆ ಮತ್ತೆ ಮತ್ತೆ ಬಂದು, ಕಲ್ಲಿನ ಹಾಗೆ ಕಾಣುವುದು ಅಲ್ಲಿಗೇ ಮುಗಿಯುತ್ತದೆ. ಸಣ್ಣ ಚುಕ್ಕೆಯ ವಿನ್ಯಾಸದಲ್ಲಿ ಇದು ಅಷ್ಟು ಕಾಣುವುದಿಲ್ಲ. ನನ್ನ ಕಣ್ಣಿಗೆ ಗ್ರಾನೈಟ್‌ಗೆ ತೀರಾ ಹತ್ತಿರ ಬರುವುದು ಚುಕ್ಕೆಯ ಡಬಲ್ ಚಾರ್ಜ್ ಟೈಲೇ, ಅದರ ಕಣಗಳು ಮುದ್ರಣವಲ್ಲ, ನಿಜವಾದ ಪುಡಿಯ ಕಣಗಳು.

ಹಾಕುವ ಕ್ರಮದಲ್ಲಿ ಬಹಳ ಕಡೆ ತಪ್ಪಾಗುತ್ತದೆ. ವಿಟ್ರಿಫೈಡ್ ನೀರು ಹೀರುವುದಿಲ್ಲ ಅಂದೆನಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲು ಅದರ ಬೆನ್ನಿಗೆ ಹಿಡಿಯುವುದು ಕಷ್ಟ. ಅದಕ್ಕೆ ಟೈಲ್ ಅಂಟು ಬೇಕು, ಹಲ್ಲಿನ ಕರಣೆಯಿಂದ ಪೂರ್ತಿ ಹರಡಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಕೂರಿಸಿದರೆ ನಡುವೆ ಪೊಳ್ಳು. ಸಂಜೆ ಹೋಗಿ ನಾಣ್ಯದಿಂದ ಪ್ರತಿ ಟೈಲ್ ತಟ್ಟಿ ನೋಡಿ, ಟೊಳ್ಳು ಸದ್ದು ಬಂದದ್ದನ್ನು ಮರುದಿನವೇ ಎಬ್ಬಿಸಿ ಹಾಕಿಸಿ. ಟೈಲ್ ನಡುವೆ ಕನಿಷ್ಠ 2 ಮಿಲಿಮೀಟರ್ ಸಂದು, ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಮುಚ್ಚುವಷ್ಟು ಜಾಗ ಬಿಡಲೇಬೇಕು. ಸಂದಿಲ್ಲದೆ ಒತ್ತಿ ಕೂರಿಸಿದರೆ ಒಂದು ಬೇಸಿಗೆಯಲ್ಲಿ ನಡುವಿನ ಸಾಲು ಗುಡಾರದ ಹಾಗೆ ಎದ್ದುಬರಬಹುದು. 2 ಬೈ 4ರಂಥ ಉದ್ದ ಟೈಲ್ ನಡುವೆ ಸ್ವಲ್ಪ ಬಾಗಿರುತ್ತದೆ. ಇಟ್ಟಿಗೆ ಥರ ಅರ್ಧಕ್ಕೆ ಅರ್ಧ ಜೋಡಿಸಿದರೆ ಅಂಚು ಕಾಲಿಗೆ ತಾಗುತ್ತದೆ, ಮೂರನೇ ಒಂದಕ್ಕೆ ಜೋಡಿಸಲು ಹೇಳಿ.

ತಿಳಿ ಬಣ್ಣದ ಗ್ರಾನೈಟ್ ಹಾಕಲೇಬೇಕಿದ್ದರೆ ಅಡಿಗೆ ಬಿಳಿ ಸಿಮೆಂಟ್, ತೊಳೆದ ಮರಳು ಬಳಸಿ. ಗಾರೆ ಪೂರ್ತಿ ಆರಲು ವಾರಗಟ್ಟಲೆ ಸಮಯ ಕೊಡಿ, ಆಮೇಲೆ ಸೀಲರ್ (ಕಲ್ಲಿನ ಸಂದು ಮುಚ್ಚುವ ದ್ರವ) ಹಚ್ಚಿ. ಒದ್ದೆ ಇರುವಾಗಲೇ ಸೀಲರ್ ಹಚ್ಚಿದರೆ ನೀರು ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಾಗ ಎಲ್ಲರೂ ಈ ಕಾಯುವಿಕೆಯನ್ನೇ ಮೊದಲು ಬಿಡುವುದು. ಅಕ್ಕನ ಮನೆಯಲ್ಲೂ ಆದದ್ದು ಅದೇ.

ಕೊನೆಗೆ ಅಕ್ಕ ಜಗುಲಿಯ ಅಡಿ ಅಗೆಸಿ, ಜಲ್ಲಿ ಮತ್ತು ಪ್ಲಾಸ್ಟಿಕ್ ಹಾಳೆ ಹಾಕಿಸಿ, ಮೇಲೆ ಬೂದು ಬಣ್ಣದ ಒರಟು ಗ್ರಾನೈಟ್ ಹಾಕಿಸಿದಳು. ಒಳಗೆ ಮರಳು ಬರುವ ದಾರಿಯಲ್ಲಿ ಚುಕ್ಕೆಯ ಡಬಲ್ ಚಾರ್ಜ್ ಟೈಲ್. ನಮ್ಮ ಮನೆಯಲ್ಲಿ ಒಲೆಕಟ್ಟೆ, ಹೊಸ್ತಿಲ ಮುಂದಿನ ಮೆಟ್ಟಿಲು, ಕಿಟಕಿಯ ಅಡಿಗೆ ಕಪ್ಪು ಗ್ರಾನೈಟ್. ಅಂಚು ಹೊರಗೆ ಕಾಣುವಲ್ಲೆಲ್ಲ ಕಲ್ಲೇ ಚೆಂದ, ಕತ್ತರಿಸಿ ಉಜ್ಜಿದರೂ ಅದೇ ಬಣ್ಣ ಇರುತ್ತದೆ. ಅಡಿಕೆ ಸುಲಿಯುವ ಜಗುಲಿಗೆ ಫ್ಲೇಮ್ಡ್ ಕಲ್ಲು, ಅಡುಗೆಮನೆ ನೆಲಕ್ಕೆ ಚೊಗರು ಹಿಡಿಯದ ಮ್ಯಾಟ್ ಟೈಲ್, ಮಲಗುವ ಕೋಣೆಗಳಿಗೂ ಅದೇ. ದೇವರ ಕೋಣೆಯ ಕೆಂಪು ಗಾರೆ ಮಾತ್ರ ಆಯಿಯ ಇಷ್ಟದಂತೆ ಹಾಗೇ ಉಳಿಯಿತು. ಅದರ ಬಿರುಕನ್ನು ಮೇಸ್ತ್ರಿ ಕೈಯಲ್ಲೇ ತುಂಬಿ ಉಜ್ಜಿಕೊಟ್ಟರು. ಉಳಿದ ಎರಡು ಡಬ್ಬಿ ಟೈಲ್ ಅಟ್ಟದ ಮೇಲಿವೆ. ಬ್ಯಾಚ್ ನಂಬರನ್ನು ಪಕ್ಕದ ತೊಲೆಯ ಮೇಲೆ ಸುಣ್ಣದಲ್ಲಿ ಬರೆದಿಟ್ಟಿದ್ದೇನೆ.